ಮನೆ ಲೆಕ್ಕ, ತಲೆ ಲೆಕ್ಕ: ಅಕ್ಕನ ಅಮೆರಿಕನ್ ಪರೀಕ್ಷೆ

"ಕಾಂಗ್ರೆಸ್ಸಿನ ಎರಡು ಭಾಗ ಯಾವುವು?" ಅಂತ ಕೇಳಿದೆ.

ಅಕ್ಕ ಮೆಟ್ಟುಗತ್ತಿಯಿಂದ ಕಣ್ಣು ತೆಗೆಯದೆ, "ಸಂಸ್ಥಾ ಕಾಂಗ್ರೆಸ್, ಇಂದಿರಾ ಕಾಂಗ್ರೆಸ್" ಅಂದಳು.

ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಸಮಾಜ ವಿಜ್ಞಾನ ಪಾಠ ಮಾಡಿ ರಿಟೈರ್ ಆದವನಿಗೆ ಆ ಉತ್ತರದಲ್ಲೇ ಅಕ್ಕನ ಕಷ್ಟ ಎಲ್ಲಿದೆ ಅಂತ ಗೊತ್ತಾಗಿಹೋಯಿತು. ಸರ್ಕಾರ ಹೇಗೆ ನಡೆಯುತ್ತದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದು ನಮ್ಮ ಸರ್ಕಾರ. ಪರೀಕ್ಷೆ ಇರುವುದು ಅಮೆರಿಕದ್ದು.

ಅಕ್ಕನಿಗೀಗ 67. ಏಳು ವರ್ಷದಿಂದ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದಾಳೆ, ಗ್ರೀನ್ ಕಾರ್ಡ್ ಇದೆ. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಅಂತ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದಳು. ಬರುವಾಗ ಬ್ಯಾಗಿನಲ್ಲಿ ಚಾಕಲೇಟಿನ ಜೊತೆ ಒಂದು ಕಟ್ಟು ಪ್ರಿಂಟ್‌ಔಟ್ ಕೂಡ ಇತ್ತು. ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದ್ದಾಳಂತೆ, ವಾಪಸು ಹೋದ ಮೇಲೆ ಸಂದರ್ಶನ. "ನೀನು ಮೇಷ್ಟ್ರಲ್ಲನಾ, ಹೇಳಿಕೊಡು ಮಾರಾಯ" ಅಂದಳು. ಅವಳಂಥ ತಾಯಂದಿರು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದ್ದಾರೆ. ಹಾಗಾಗಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆಯ ಸ್ವರೂಪ. ಗ್ರೀನ್ ಕಾರ್ಡ್ ಸಿಕ್ಕಿ ಸಾಮಾನ್ಯವಾಗಿ ಐದು ವರ್ಷ ಆಗಿರಬೇಕು, ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಜೊತೆಗೇ ಬಾಳುತ್ತಿದ್ದರೆ ಮೂರು. ಆ ಅವಧಿಯಲ್ಲಿ ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರದೇಶದಲ್ಲಿ ಉಳಿದರೆ ಪ್ರಶ್ನೆ ಏಳುತ್ತದೆ. ಅಕ್ಕ ಶಿವರಾತ್ರಿ ಮುಗಿಸಿಕೊಂಡು ಹೋಗು ಅಂದರೂ ಕೇಳದೆ ಟಿಕೆಟ್ ತೋರಿಸುವುದು ಅದಕ್ಕೇ. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ ಹೊಸ ಪ್ರಶ್ನಾವಳಿ: ಒಟ್ಟು 128 ಪ್ರಶ್ನೆ, ಅಧಿಕಾರಿ ಬಾಯಲ್ಲಿ ಕೇಳುವುದು 20, ಸರಿಯಾಗಬೇಕಾದ್ದು 12. ಹನ್ನೆರಡು ಸರಿಯಾದರೆ ಅಲ್ಲಿಗೇ ನಿಲ್ಲಿಸುತ್ತಾರೆ, ಒಂಬತ್ತು ತಪ್ಪಾದರೂ ಅಲ್ಲಿಗೇ ನಿಲ್ಲಿಸುತ್ತಾರೆ. ಹಿಂದಿನದು ಹಗುರ ಇತ್ತು. ನೂರು ಪ್ರಶ್ನೆಯಲ್ಲಿ ಹತ್ತು ಕೇಳಿ, ಆರು ಸರಿಯಾದರೆ ಸಾಕಿತ್ತು. ಇದರ ಜೊತೆ ಇಂಗ್ಲಿಷಿನ ಮೂರು ವಾಕ್ಯದಲ್ಲಿ ಒಂದನ್ನು ಸರಿಯಾಗಿ ಓದಬೇಕು, ಮೂರರಲ್ಲಿ ಒಂದನ್ನು ಸರಿಯಾಗಿ ಬರೆಯಬೇಕು. ವಯಸ್ಸಾದವರಿಗೆ ರಿಯಾಯಿತಿ ಇದೆ. 55 ದಾಟಿ ಗ್ರೀನ್ ಕಾರ್ಡಿಗೆ 15 ವರ್ಷ ಆಗಿದ್ದರೆ, ಅಥವಾ 50 ದಾಟಿ 20 ವರ್ಷ ಆಗಿದ್ದರೆ, ಇಂಗ್ಲಿಷ್ ಮಾಫಿ. ದುಭಾಷಿಯನ್ನು ಕೂರಿಸಿಕೊಂಡು ಕನ್ನಡದಲ್ಲೇ ಉತ್ತರ ಕೊಡಬಹುದು. 65 ದಾಟಿ 20 ವರ್ಷ ಆದವರಿಗೆ ಪ್ರಶ್ನೆಗಳೂ ಕಡಿಮೆ. ನಮ್ಮ ಅಕ್ಕನಿಗೆ ವಯಸ್ಸು ಇದೆ, ವರ್ಷ ಇಲ್ಲ. ಹಾಗಾಗಿ ಪೂರ್ತಿ ಪರೀಕ್ಷೆ, ಇಂಗ್ಲಿಷಿನಲ್ಲೇ.

ಅವಳು ಮಗ್ಗಿ ಹೇಳಿದ ಹಾಗೆ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಐದನೇದು ಕೇಳಿದರೆ ಆರನೇದರ ಉತ್ತರ ಬರುತ್ತಿತ್ತು. ಹಾಳೆ ಮಡಚಿ ಕೂತುಕೋ ಅಂದೆ. ಆ 128ರ ಹಿಂದೆ ಇರುವುದು ಒಂದೇ ಪ್ರಶ್ನೆ: ಯಜಮಾನನನ್ನು ಕೂರಿಸುವವರು ಯಾರು, ಇಳಿಸುವವರು ಯಾರು?

ನಮ್ಮ ಗ್ರಾಮ ಪಂಚಾಯ್ತಿ ತೆಗೆದುಕೊಳ್ಳಿ. ನಾವು ಓಟು ಹಾಕುವುದು ಸದಸ್ಯರಿಗೆ. ಸದಸ್ಯರು ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸುತ್ತಾರೆ. ಮುನಿಸು ಬಂದರೆ ಅವಿಶ್ವಾಸ ಗೊತ್ತುವಳಿ ತಂದು ಇಳಿಸುತ್ತಾರೆ. ಬೆಂಗಳೂರು, ದೆಹಲಿ ನಡೆಯುವುದೂ ಹೀಗೇ. ಪ್ರಧಾನಿಗೆ ನಾವ್ಯಾರೂ ನೇರವಾಗಿ ಓಟು ಹಾಕಿಲ್ಲ. ಲೋಕಸಭೆಯ 543 ಜನರಲ್ಲಿ ಬಹುಮತ ಇರುವ ತನಕ ಕುರ್ಚಿ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಬಿದ್ದದ್ದು ಒಂದೇ ಒಂದು ಓಟಿನಿಂದ, 269ಕ್ಕೆ 270. ನಮ್ಮ ಶಿಕಾರಿಪುರದ ಯಡಿಯೂರಪ್ಪನವರು 2018ರ ಮೇ 17ಕ್ಕೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡು, ಸಂಖ್ಯೆ ಕೂಡದೆ 19ಕ್ಕೆ ರಾಜೀನಾಮೆ ಕೊಟ್ಟದ್ದು ಇಡೀ ಜಿಲ್ಲೆ ಟಿವಿ ಮುಂದೆ ಕೂತು ನೋಡಿತ್ತು.

ಈಗ ಅದೇ ಪಂಚಾಯ್ತಿಯಲ್ಲಿ ಬೇರೆ ಥರ ಮಾಡಿದರು ಅಂತ ಇಟ್ಟುಕೊಳ್ಳಿ. ಸದಸ್ಯರಿಗೆ ಒಂದು ಓಟು, ಅಧ್ಯಕ್ಷರಿಗೇ ಬೇರೆ ಓಟು. ಅಧ್ಯಕ್ಷ ಸದಸ್ಯನೇ ಅಲ್ಲ, ಮೀಟಿಂಗಿನಲ್ಲಿ ಅವನಿಗೆ ಕುರ್ಚಿ ಇಲ್ಲ. ಸದಸ್ಯರೆಲ್ಲ ಒಟ್ಟಾದರೂ ಅವನ ಮೇಲೆ ಅವಿಶ್ವಾಸ ತರುವ ಹಾಗಿಲ್ಲ. ಅವನೂ ಪಂಚಾಯ್ತಿ ವಿಸರ್ಜನೆ ಮಾಡುವ ಹಾಗಿಲ್ಲ. ಪರಸ್ಪರ ಮುಖ ನೋಡದಿದ್ದರೂ ಅವಧಿ ಮುಗಿಯುವ ತನಕ ಒಂದೇ ಅಂಗಳದಲ್ಲಿ ಬಾಳಬೇಕು.

"ಅಯ್ಯ, ದಾಯಾದಿಗಳ ಹಾಗೆ" ಅಂದಳು ಅಕ್ಕ. ಅಲ್ಲಿಂದ ಮುಂದೆ ಪಾಠ ಸಲೀಸಾಯಿತು.

ಅಮೆರಿಕದಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಪಾರ್ಲಿಮೆಂಟು. ಅದು ಕಾನೂನು ಮಾಡುತ್ತದೆ. ಅಧ್ಯಕ್ಷರು ಜಾರಿಗೆ ತರುತ್ತಾರೆ. ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ಹೊಂದುತ್ತದೋ ನೋಡುತ್ತದೆ. ಇಷ್ಟು ನಮ್ಮಲ್ಲೂ ಇದೆ ಅನ್ನಿಸುತ್ತದೆ. ಆದರೆ ನಮ್ಮಲ್ಲಿ ಮಂತ್ರಿಯಾಗಬೇಕಾದರೆ ಸದನದ ಸದಸ್ಯರಾಗಿರಬೇಕು, ಇಲ್ಲವೇ ಆರು ತಿಂಗಳೊಳಗೆ ಆಗಬೇಕು. ಅಲ್ಲಿ ಸದನದ ಸದಸ್ಯರಾಗಿದ್ದವರು ಮಂತ್ರಿ ಆಗುವುದಾದರೆ ಸದನವನ್ನು ಬಿಡಲೇಬೇಕು. ನಮ್ಮ ಸಂವಿಧಾನ ಮಂತ್ರಿಯನ್ನು ಸದನದೊಳಗೆ ಕಟ್ಟಿಹಾಕಿತು, ಅವರದು ಹೊರಗೆ ನಿಲ್ಲಿಸಿತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಅದನ್ನು ಬರೆದವರು ಆಗಷ್ಟೇ ಒಬ್ಬ ರಾಜನನ್ನು ಕಳಚಿಕೊಂಡು ಬಂದವರು. ಎಲ್ಲ ಅಧಿಕಾರ ಒಂದೇ ಕೈಗೆ ಸಿಕ್ಕರೆ ಏನಾಗುತ್ತದೆ ಅನ್ನುವ ಹೆದರಿಕೆ ಅವರಿಗೆ ಹಸಿಹಸಿಯಾಗಿತ್ತು.

ಈ ಒಂದು ಎಳೆ ಹಿಡಿದು ಎಳೆದರೆ ಹತ್ತಾರು ಉತ್ತರ ತಾವಾಗಿ ಬರುತ್ತವೆ. ಮಸೂದೆಗೆ ಅಧ್ಯಕ್ಷರು ಒಪ್ಪದಿದ್ದರೆ? ವೀಟೋ. ವೀಟೋ ಮೀರಬೇಕಾದರೆ? ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗ. ಸೇನೆಯ ದಂಡನಾಯಕ ಯಾರು? ಅಧ್ಯಕ್ಷರು. ಯುದ್ಧ ಘೋಷಿಸುವ ಅಧಿಕಾರ ಯಾರದ್ದು? ಕಾಂಗ್ರೆಸ್ಸಿನದ್ದು. ಮಂತ್ರಿಗಳನ್ನು, ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. ಒಬ್ಬರ ಕೈಯಲ್ಲಿ ಕತ್ತಿ, ಇನ್ನೊಬ್ಬರ ಕೈಯಲ್ಲಿ ಒರೆ.

ಅಕ್ಕನಿಗೆ ಅರ್ಥವಾಗದೆ ಉಳಿದಿದ್ದ ಒಂದು ಸಂಗತಿಯೂ ಇಲ್ಲೇ ಬಿಚ್ಚಿಕೊಂಡಿತು. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರ ತನಕ, 43 ದಿನ, ಅಲ್ಲಿನ ಕೇಂದ್ರ ಸರ್ಕಾರದ ಬಾಗಿಲು ಅರ್ಧ ಮುಚ್ಚಿತ್ತು. "ಸರ್ಕಾರ ಬಿದ್ದೇಹೋಯ್ತು ಅಂತ ತಿಳ್ಕಂಡಿದ್ದೆ. ನೋಡಿದ್ರೆ ಅಧ್ಯಕ್ಷರೂ ಅವರೇ, ಸದಸ್ಯರೂ ಅವರೇ!" ಅಂದಳು. ಖಜಾನೆಯ ಬೀಗದ ಕೈ ಕಾಂಗ್ರೆಸ್ಸಿನ ಹತ್ತಿರ. ಅದು ಹಣ ಮಂಜೂರು ಮಾಡದಿದ್ದರೆ ನೌಕರರಿಗೆ ಸಂಬಳ ಇಲ್ಲ, ಹಲವು ಕಚೇರಿ ಬಂದ್. ನಮ್ಮಲ್ಲಿ ಬಜೆಟ್ಟಿಗೆ ಲೋಕಸಭೆ ಒಪ್ಪದಿದ್ದರೆ ಸರ್ಕಾರವೇ ಹೋಗುತ್ತದೆ, ಬೇರೆಯವರು ಬರುತ್ತಾರೆ, ಇಲ್ಲವೇ ಚುನಾವಣೆ. ಅಲ್ಲಿ ಯಾರೂ ಹೋಗುವ ಹಾಗಿಲ್ಲವಲ್ಲ, ಹಾಗಾಗಿ ಜಗಳ ಅಲ್ಲೇ ಹೆಪ್ಪುಗಟ್ಟುತ್ತದೆ. ಯಾವ ಪದ್ಧತಿ ಒಳ್ಳೆಯದು ಅಂತ ಕೇಳಿದರೆ, ನನಗೆ ನಮ್ಮದೇ ವಾಸಿ. ಬೀಳಬಲ್ಲ ಸರ್ಕಾರ ಸ್ವಲ್ಪ ಮೈಮೇಲೆ ಎಚ್ಚರ ಇಟ್ಟುಕೊಂಡಿರುತ್ತದೆ. ಅಕ್ಕ ಮಾತ್ರ ರೆಸಾರ್ಟ್ ರಾಜಕೀಯ ನೆನಪಿಸಿ ನನ್ನ ಬಾಯಿ ಮುಚ್ಚಿಸಿದಳು.

ಹಾಗಾದರೆ ಅಧ್ಯಕ್ಷರನ್ನು ಇಳಿಸುವ ದಾರಿಯೇ ಇಲ್ಲವಾ? ಇದೆ, ಇಂಪೀಚ್‌ಮೆಂಟ್. ಕೆಳಮನೆ ಆರೋಪ ಹೊರಿಸಬೇಕು, ಸೆನೆಟ್ ವಿಚಾರಣೆ ನಡೆಸಿ ಮೂರನೇ ಎರಡರಷ್ಟು ಮತದಿಂದ ತಪ್ಪಿತಸ್ಥ ಅನ್ನಬೇಕು. 1868ರಲ್ಲಿ ಜಾನ್ಸನ್, 1998ರಲ್ಲಿ ಕ್ಲಿಂಟನ್, 2019 ಮತ್ತು 2021ರಲ್ಲಿ ಟ್ರಂಪ್ ಮೇಲೆ ಆರೋಪ ಹೊರಿಸಿದರು, ಯಾರೂ ಹಾಗೆ ಕುರ್ಚಿ ಕಳೆದುಕೊಳ್ಳಲಿಲ್ಲ. ನಿಕ್ಸನ್ 1974ರಲ್ಲಿ ಅದು ಬರುವ ಮುಂಚೆಯೇ ರಾಜೀನಾಮೆ ಕೊಟ್ಟರು.

ಇನ್ನು ಕಾಂಗ್ರೆಸ್ಸಿನ ಎರಡು ಭಾಗ. ಇದನ್ನು ನಮ್ಮೂರಿನವರಿಗೆ ಹೇಳುವುದು ಬಹಳ ಸುಲಭ. ಜಾತ್ರೆಗೆ ಮುಂಚೆ ದೇವಸ್ಥಾನಕ್ಕೆ ಚಪ್ಪರ ಹಾಕುವಾಗ ಮನೆಗೊಂದು ಆಳು. ಹತ್ತು ಜನರ ಕೂಡು ಕುಟುಂಬವಾಗಲಿ, ಇಬ್ಬರೇ ಮುದುಕರಿರುವ ಮನೆಯಾಗಲಿ, ಒಂದು ಆಳು. ಸಮಾರಾಧನೆಯ ಅಕ್ಕಿ ಅಳೆಯುವಾಗ ಮಾತ್ರ ತಲೆ ಎಣಿಸುತ್ತೇವೆ. ಸೆನೆಟ್ ಮನೆ ಲೆಕ್ಕ. ಕೆಳಮನೆ, ಅಂದರೆ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್, ತಲೆ ಲೆಕ್ಕ.

ರಾಜ್ಯ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ಸೆನೆಟ್ಟಿಗೆ ಇಬ್ಬರು. 50 ರಾಜ್ಯ, 100 ಜನ. ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು, ಆರು ಲಕ್ಷವೂ ತುಂಬದ ವಯೋಮಿಂಗಿಗೂ ಇಬ್ಬರು. ಕೆಳಮನೆಯ 435 ಸ್ಥಾನಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ 52, ವಯೋಮಿಂಗಿಗೆ 1. ದೊಡ್ಡ ರಾಜ್ಯದವರು ತಲೆ ಎಣಿಸಿ ಅಂದರು, ಚಿಕ್ಕವರು ಮನೆ ಎಣಿಸಿ ಅಂದರು. 1787ರಲ್ಲಿ ಎರಡೂ ಇರಲಿ ಅಂತ ರಾಜಿ ಆಯಿತು. ನಮ್ಮ ರಾಜ್ಯಸಭೆಯ ಹೆಸರು ಕೇಳಿದರೆ ಮನೆ ಲೆಕ್ಕ ಅನ್ನಿಸುತ್ತದೆ, ಆದರೆ ಅಲ್ಲೂ ಹೆಚ್ಚುಕಡಿಮೆ ತಲೆ ಲೆಕ್ಕವೇ. ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಸಿಕ್ಕಿಮ್‌ಗೆ 1.

ಬಲದಲ್ಲೂ ಅಜಗಜಾಂತರ. ಹಣದ ಮಸೂದೆಯನ್ನು ನಮ್ಮ ರಾಜ್ಯಸಭೆ 14 ದಿನ ಹಿಡಿದುಕೊಳ್ಳಬಹುದು, ಅಷ್ಟೇ. ಬೇರೆ ಮಸೂದೆಯ ಮೇಲೆ ಎರಡು ಸದನ ಹಟ ಹಿಡಿದರೆ ಜಂಟಿ ಅಧಿವೇಶನ ಕರೆಯಬಹುದು. 1961, 1978, 2002ರಲ್ಲಿ ಕರೆದಿದ್ದಾರೆ. ಅಲ್ಲಿ ಆ ದಾರಿ ಇಲ್ಲ. ಎರಡೂ ಮನೆ ಅಕ್ಷರ ಅಕ್ಷರ ಒಂದೇ ಮಸೂದೆಗೆ ಹೂಂ ಅನ್ನಬೇಕು. ಸೆನೆಟರ್ ಅವಧಿ ಆರು ವರ್ಷ, ಕೆಳಮನೆಯವರದು ಎರಡೇ ವರ್ಷ, ಅಧ್ಯಕ್ಷರದು ನಾಲ್ಕು, ಅದೂ ಎರಡು ಸಲ ಮಾತ್ರ ಗೆಲ್ಲಬಹುದು. ಎರಡು ವರ್ಷ ಅಂದಾಗ ಅಕ್ಕ, "ಗೆದ್ದ ಹಾರ ಬಾಡೋದ್ರೊಳಗೆ ಮತ್ತೆ ಓಟು!" ಅಂದಳು. ಒಂದು ಸಂಗತಿ ಮಾತ್ರ ನಮಗೂ ಅವರಿಗೂ ಒಂದೇ: ಮೇಲ್ಮನೆಯ ಸಭಾಪತಿ ಎರಡೂ ಕಡೆ ಉಪಾಧ್ಯಕ್ಷರೇ, ಅಂದರೆ ನಮ್ಮಲ್ಲಿ ಉಪರಾಷ್ಟ್ರಪತಿ.

ಮನೆ ಲೆಕ್ಕ, ತಲೆ ಲೆಕ್ಕ ಎರಡನ್ನೂ ಕೂಡಿದರೆ ಅಧ್ಯಕ್ಷರ ಚುನಾವಣೆ ಬರುತ್ತದೆ. ನೇರವಾಗಿ ಜನರ ಓಟು ಅಂತ ಮೇಲೆ ಹೇಳಿದ್ದೆ, ಅದನ್ನು ತುಸು ತಿದ್ದಬೇಕು. ಪ್ರತಿ ರಾಜ್ಯಕ್ಕೂ ಅದರ ಕೆಳಮನೆಯ ಸ್ಥಾನಗಳಿಗೆ ಸೆನೆಟ್ಟಿನ ಎರಡನ್ನು ಸೇರಿಸಿದಷ್ಟು ಮತದಾರ ಪ್ರತಿನಿಧಿಗಳು, ಅಧ್ಯಕ್ಷರನ್ನು ಆರಿಸುವುದು ಇವರೇ. ಅಕ್ಕನ ನ್ಯೂಜೆರ್ಸಿಗೆ 12 ಮತ್ತು 2, ಒಟ್ಟು 14. ದೇಶಕ್ಕೆ 435, 100, ರಾಜಧಾನಿ ವಾಷಿಂಗ್ಟನ್ನಿಗೆ 3, ಕೂಡಿ 538. ಗೆಲ್ಲಲು 270. 48 ರಾಜ್ಯಗಳಲ್ಲಿ ಒಂದು ಓಟು ಹೆಚ್ಚು ಬಂದವರಿಗೆ ಆ ರಾಜ್ಯದ ಅಷ್ಟೂ ಹೋಗುತ್ತದೆ. ಮೇನ್ ಮತ್ತು ನೆಬ್ರಾಸ್ಕ ಮಾತ್ರ ಹಂಚುತ್ತವೆ. ಅದಕ್ಕೇ 2000 ಮತ್ತು 2016ರಲ್ಲಿ ದೇಶದಾದ್ಯಂತ ಹೆಚ್ಚು ಓಟು ಪಡೆದವರೇ ಸೋತರು. 2000ದಲ್ಲಿ ಫ್ಲಾರಿಡಾದ 537 ಓಟು ಅಧ್ಯಕ್ಷರನ್ನು ತೀರ್ಮಾನಿಸಿತು, ನಮ್ಮಲ್ಲಿ ಪಂಚಾಯ್ತಿ ಚುನಾವಣೆಗೆ ಬೀಳುವ ಅಂತರ! ವಿಚಿತ್ರ ಅನ್ನುವ ಮುಂಚೆ ನಮ್ಮ ರಾಷ್ಟ್ರಪತಿ ಚುನಾವಣೆ ನೆನಪಿಸಿಕೊಳ್ಳಿ. ಅಲ್ಲಿ ತೀರ್ಥಹಳ್ಳಿ ಶಾಸಕರ ಓಟಿನ ಬೆಲೆ 131, ಉತ್ತರ ಪ್ರದೇಶದ ಶಾಸಕರದು 208. ಲೆಕ್ಕ ಇವತ್ತಿಗೂ 1971ರ ಜನಗಣತಿಯದು.

ಅಕ್ಕ ಹೆಚ್ಚು ಮುಗ್ಗರಿಸಿದ್ದು ಪದಗಳಲ್ಲಿ. ಒಂದೇ ಪದ, ಎರಡು ದೇಶದಲ್ಲಿ ಎರಡು ಅರ್ಥ. ಸೆಕ್ರೆಟರಿ ಅಂದರೆ ಅವಳ ಕಣ್ಣ ಮುಂದೆ ಬರುವುದು ಪಂಚಾಯ್ತಿ ಸೆಕ್ರೆಟರಿ, ಕೈಯಲ್ಲಿ ಕಂದಾಯದ ರಸೀತಿ ಪುಸ್ತಕ. ಅಲ್ಲಿ ಸೆಕ್ರೆಟರಿ ಅಂದರೆ ಮಂತ್ರಿ. ಸ್ಟೇಟ್ ಡಿಪಾರ್ಟ್‌ಮೆಂಟಿಗೂ ರಾಜ್ಯಗಳಿಗೂ ಸಂಬಂಧ ಇಲ್ಲ, ಅದು ವಿದೇಶಾಂಗ ಖಾತೆ. ಗವರ್ನರ್ ನಮ್ಮಲ್ಲಿ ದೆಹಲಿಯಿಂದ ನೇಮಕವಾಗಿ ಬರುವವರು, ಅಲ್ಲಿ ಜನ ಓಟು ಹಾಕಿ ಗೆಲ್ಲಿಸಿದ ರಾಜ್ಯದ ಮುಖ್ಯಸ್ಥ, ನಮ್ಮ ಮುಖ್ಯಮಂತ್ರಿಯ ಹಾಗೆ. ಅಟಾರ್ನಿ ಜನರಲ್ ನಮ್ಮಲ್ಲಿ ಸರ್ಕಾರದ ವಕೀಲರು, ಅಲ್ಲಿ ನ್ಯಾಯ ಖಾತೆಯ ಮಂತ್ರಿ. ಸ್ಪೀಕರ್ ನಮ್ಮಲ್ಲಿ ಪಕ್ಷ ಮರೆತು ಕೂರಬೇಕಾದವರು (ಮರೆಯುತ್ತಾರೋ ಇಲ್ಲವೋ ಅದು ಬೇರೆ ಮಾತು), ಅಲ್ಲಿ ಬಹುಮತ ಪಕ್ಷದ ನಾಯಕರೇ. ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರೂ ಇಲ್ಲದಾದರೆ ಕುರ್ಚಿ ಸ್ಪೀಕರಿಗೆ. ಇದಕ್ಕೆ ಅಕ್ಕ "ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಾಧೀಶರು" ಅಂದಳು. ತಪ್ಪು ಉತ್ತರ, ಆದರೆ ನನ್ನ ಎದೆ ಉಬ್ಬಿತು. ನಮ್ಮ ದೇಶಕ್ಕೆ ಅದು ಸರಿ. 1969ರಲ್ಲಿ ಜಾಕಿರ್ ಹುಸೇನ್ ತೀರಿಕೊಂಡು, ಹಂಗಾಮಿಯಾಗಿದ್ದ ವಿ.ವಿ. ಗಿರಿ ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟಾಗ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ತಿಂಗಳ ಮೇಲೆ ರಾಷ್ಟ್ರಪತಿಯ ಕೆಲಸ ನೋಡಿಕೊಂಡಿದ್ದರು.

ಕೇಂದ್ರಕ್ಕೆ ಯಾವುದು, ರಾಜ್ಯಕ್ಕೆ ಯಾವುದು ಅನ್ನುವುದಕ್ಕೆ ಪಾಲುಪಟ್ಟಿ ಸಾಕು. ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಗದ್ದೆ, ತೋಟ, ಹಿತ್ತಲು ಎಲ್ಲ ಬರೆಯುತ್ತಾರೆ. ಬರೆಯಲು ಮರೆತ ಒಂದು ಹಲಸಿನ ಮರ ಯಾರಿಗೆ? ಅಮೆರಿಕದ ಸಂವಿಧಾನದ 10ನೇ ತಿದ್ದುಪಡಿ ಪ್ರಕಾರ, ಕೇಂದ್ರಕ್ಕೆ ಅಂತ ಬರೆಯದ ಮರ ರಾಜ್ಯಗಳಿಗೆ ಅಥವಾ ಜನರಿಗೆ. ನಮ್ಮಲ್ಲಿ 248ನೇ ವಿಧಿ ಪ್ರಕಾರ, ಯಾವ ಪಟ್ಟಿಯಲ್ಲೂ ಇಲ್ಲದ ಮರ ಕೇಂದ್ರಕ್ಕೆ. ನೋಟು ಅಚ್ಚು ಹಾಕುವುದು, ಸೇನೆ ಅವರಲ್ಲಿ ಕೇಂದ್ರಕ್ಕೆ. ಶಾಲೆ, ಪೊಲೀಸು, ಡ್ರೈವಿಂಗ್ ಲೈಸೆನ್ಸು ರಾಜ್ಯಕ್ಕೆ.

ಕೋರ್ಟಿನ ವಿಷಯ ಚಿಕ್ಕದು. ಒಂಬತ್ತು ನ್ಯಾಯಮೂರ್ತಿಗಳು, ಬದುಕಿರುವ ತನಕ ಹುದ್ದೆ. ನಮ್ಮಲ್ಲಿ 65ಕ್ಕೆ ನಿವೃತ್ತಿ. ಹಕ್ಕುಗಳದೂ ಅಷ್ಟೇ. ಸಂವಿಧಾನಕ್ಕೆ ಈತನಕ 27 ತಿದ್ದುಪಡಿ, ಮೊದಲ ಹತ್ತು 1791ರಲ್ಲಿ ಒಟ್ಟಿಗೆ ಬಂದವು, ಅವೇ ಹಕ್ಕುಗಳ ಪಟ್ಟಿ. ಮಾತು, ಧರ್ಮ, ಪತ್ರಿಕೆ, ಸಭೆ ಸೇರುವುದು, ಅಹವಾಲು ಸಲ್ಲಿಸುವುದು ಮೊದಲನೆಯದರಲ್ಲೇ ಇವೆ. ಚರಿತ್ರೆಯ ಭಾಗದಲ್ಲಿ, ವಸಾಹತಿನವರು ಬ್ರಿಟಿಷರ ಮೇಲೆ ಯಾಕೆ ತಿರುಗಿಬಿದ್ದರು ಅಂತ ಬರುತ್ತದೆ. ಪ್ರಾತಿನಿಧ್ಯ ಕೊಡದೆ ತೆರಿಗೆ ಕೇಳಿದ್ದಕ್ಕೆ. ಇದನ್ನು ಅಕ್ಕನಿಗೆ ವಿವರಿಸುವ ಕೆಲಸವೇ ಬೀಳಲಿಲ್ಲ. "ಈಸೂರಿನವರ ಹಾಗೆ" ಅಂದಳು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಊರು ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲ ಅಂತ ತನ್ನದೇ ಸರ್ಕಾರ ಘೋಷಿಸಿಕೊಂಡು, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ಕೂರಿಸಿತ್ತು. ಮರುವರ್ಷ ಐವರು ಗಲ್ಲಿಗೇರಿದರು.

ಇಷ್ಟು ಮುಗಿಯಲು ನಾಲ್ಕು ರಾತ್ರಿ ಹಿಡಿಯಿತು. ಈಗ ಸುಲಿಯಲು ಮಷಿನ್ ಇದೆ, ಆದರೂ ಸ್ವಲ್ಪ ಅಡಿಕೆ ಕೈಯಲ್ಲೇ ಸುಲಿಯಬೇಕು ಅಂತ ಅಕ್ಕನ ಹಟ. ಏಳು ವರ್ಷದಲ್ಲಿ ಅವಳ ಬೆರಳಿನ ಚೊಗರಿನ ಕಲೆ ಪೂರ್ತಿ ಹೋಗಿತ್ತು, ನಾಲ್ಕು ದಿನದಲ್ಲಿ ಮತ್ತೆ ಬಂದಿತ್ತು. ಮಂಡಿಯ ಹಳೇ ಚೀಟಿಗಳ ಹಿಂಬದಿಯಲ್ಲಿ, ಅಧ್ಯಕ್ಷರು ವೈಟ್ ಹೌಸಿನಲ್ಲಿ ವಾಸಿಸುತ್ತಾರೆ ಅನ್ನುವಂಥ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ದುಂಡಗೆ ಬರೆದು ರೂಢಿ ಮಾಡುತ್ತಿದ್ದಳು. ರಾಶಿ ಇಡಿ, ಬೆಟ್ಟೆ, ಸರಕು ಅನ್ನುವ ಅಡಿಕೆ ಬಗೆಗಳು, ಅದರ ಹಿಂದೆ ವೈಟ್ ಹೌಸ್.

ಕೊನೆಯ ರಾತ್ರಿ ಉಳಿದದ್ದು ಪೌರತ್ವದ ಪ್ರಶ್ನೆಗಳು. ಸಂದರ್ಶನ ಪಾಸಾದ ಕೂಡಲೇ ಪ್ರಜೆ ಆಗುವುದಿಲ್ಲ, ಪ್ರಮಾಣವಚನ ತೆಗೆದುಕೊಂಡ ಮೇಲೆ. ಇನ್ನೊಂದು ದೇಶದ ಪೌರತ್ವವನ್ನು ತಾನಾಗಿ ಪಡೆದವರು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ ಅಂತ ನಮ್ಮ ಸಂವಿಧಾನದ 9ನೇ ವಿಧಿಯೂ 1955ರ ಪೌರತ್ವ ಕಾಯ್ದೆಯೂ ಹೇಳುತ್ತವೆ. ಪಾಸ್‌ಪೋರ್ಟ್ ವಾಪಸು ಕೊಟ್ಟು ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಮಾಡಿಸಿಕೊಳ್ಳಬಹುದು. ಅದಿದ್ದರೆ ವೀಸಾ ಇಲ್ಲದೆ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಓಟು ಇಲ್ಲ. ಹೊಸದಾಗಿ ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದದ್ದು ಇರುತ್ತದೆ.

"ಅಪ್ಪನ ಪಾಲು ಹೋಗಲ್ಲ ಅಲ್ಲನಾ?"

"ಹೋಗಲ್ಲ."

ಹಾಳೆ ತಿರುವಿ ಕೇಳಿದೆ: "ಪ್ರಮಾಣವಚನದಲ್ಲಿ ಹೊಸ ಪ್ರಜೆಗಳು ಕೊಡುವ ಮಾತುಗಳಲ್ಲಿ ಎರಡು ಹೇಳು." ಒಪ್ಪುವ ಉತ್ತರ ಹಲವು ಇವೆ. ಪಟ್ಟಿಯಲ್ಲಿ ಮೊದಲೇ ಇರುವುದು, ಬೇರೆ ದೇಶದ ಮೇಲಿನ ನಿಷ್ಠೆ ಬಿಟ್ಟುಕೊಡುತ್ತೇನೆ ಅನ್ನುವುದು. ಅಕ್ಕನಿಗೆ ಅದು ಬಾಯಿಪಾಠ ಇತ್ತು, ಮೊದಲ ದಿನ ಅದನ್ನೇ ಗಡಗಡ ಹೇಳಿದ್ದಳು.

ಈಗ ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿದಳು. "ಕಾನೂನು ಪಾಲಿಸ್ತೇನೆ. ಸಂವಿಧಾನ ಕಾಪಾಡ್ತೇನೆ. ಎರಡಾಯ್ತಲ್ಲ?"

"ಆಯ್ತು."

"ಹಂಗಾರೆ ಮುಂದಿನ್ದು ಕೇಳು."